ಮಗುವಿನ ಹೃದಯದ ಕವಾಟ ಕಿರಿದಾಗಿದೆಯೇ? ಕಷಾಯ ಹುಡುಕುವ ಮೊದಲು ಎಕೋ ವರದಿಯ ಈ ಅಂಕಿ ನೋಡಿ

ಬೆಳ್ಳುಳ್ಳಿ, ಶುಂಠಿ, ನಿಂಬೆಹಣ್ಣಿನ ರಸಕ್ಕೆ ಆ್ಯಪಲ್ ಸೈಡರ್ ವಿನೆಗರ್ ಸೇರಿಸಿ ಕುದಿಸಿ, ಆರಿದ ಮೇಲೆ ಜೇನುತುಪ್ಪ ಬೆರೆಸಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಅರಳಿ ಎಲೆಯ ಕಷಾಯದ್ದು ಇನ್ನೊಂದು. ಆಪರೇಷನ್ ಬೇಡ, ಎಷ್ಟೋ ಜನಕ್ಕೆ ಗುಣವಾಗಿದೆ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಸಾಲು ಕೊನೆಗೆ ಇದ್ದೇ ಇರುತ್ತದೆ.

ದೊಡ್ಡವರ ರಕ್ತನಾಳದ ಬ್ಲಾಕನ್ನು ಈ ರಸ ಕರಗಿಸುತ್ತದೆ ಎನ್ನುವುದಕ್ಕೇ ಆಧಾರವಿಲ್ಲ. ಅದಕ್ಕಿಂತ ಹೆಚ್ಚಿನ ಹಾನಿ ಆಗುವುದು ಇದು ಮಕ್ಕಳ ವಿಷಯಕ್ಕೆ ಬಂದಾಗ. ಶಾಲೆಗೆ ಬಂದ ತಪಾಸಣಾ ತಂಡದ ವೈದ್ಯರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಹೃದಯದಲ್ಲಿ ಏನೋ ಸದ್ದು ಇದೆ, ಎಕೋ ಮಾಡಿಸಿ" ಎಂದು ಚೀಟಿ ಬರೆದುಕೊಡುತ್ತಾರೆ. ಎಕೋ ವರದಿಯಲ್ಲಿ ‘ಪಲ್ಮನರಿ ಸ್ಟೆನೋಸಿಸ್’ ಎಂದು ಬರುತ್ತದೆ. ಮನೆಯಲ್ಲಿ ಯಾರೋ ಅದನ್ನು "ವಾಲ್ವ್ ಬ್ಲಾಕ್ ಅಂತೆ" ಎಂದು ಹೇಳುತ್ತಾರೆ. ಅಷ್ಟು ಸಾಕು, ಕುಟುಂಬದ ಗ್ರೂಪಿನಲ್ಲಿ ಚಿಕ್ಕಪ್ಪ, ಅತ್ತೆ, ದೊಡ್ಡಮ್ಮ ಎಲ್ಲರೂ ಹಳೆಯ ಫಾರ್ವರ್ಡ್ ಹುಡುಕಿ ಹಾಕತೊಡಗುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಅವರು ಹೇಳುತ್ತಿರುವುದು ಬೇರೊಂದು ಕಾಯಿಲೆಯ ಮಾತು.

ಎರಡು ಬ್ಲಾಕ್, ಎರಡು ಬೇರೆ ಕಥೆ

ಹೃದಯಾಘಾತಕ್ಕೆ ಕಾರಣವಾಗುವ ಬ್ಲಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಸಣ್ಣ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ದಾರಿ ಕಿರಿದಾಗುವುದು. ಪಲ್ಮನರಿ ಸ್ಟೆನೋಸಿಸ್‌ನಲ್ಲಿ ನಾಳದಲ್ಲಿ ಏನೂ ಕೂತಿರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಹೃದಯ ರೂಪುಗೊಳ್ಳುವಾಗಲೇ ಒಂದು ಬಾಗಿಲು ಸರಿಯಾಗಿ ಬಿಡಿಸಿಕೊಂಡಿರುವುದಿಲ್ಲ.

ಮೈಯೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲಭಾಗಕ್ಕೆ ಸೇರುತ್ತದೆ. ಬಲಗಡೆಯ ಕೆಳಕೋಣೆ ಅದನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಆ ಕೋಣೆಗೂ ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳಕ್ಕೂ ನಡುವೆ ಇರುವುದೇ ಪಲ್ಮನರಿ ಕವಾಟ. ಅದಕ್ಕೆ ಮೂರು ತೆಳು ಎಸಳು. ಹೃದಯ ಬಡಿದಾಗಲೆಲ್ಲ ಮೂರೂ ಅಗಲವಾಗಿ ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಬೆಳೆದಿದ್ದರೆ ಅವು ಗುಮ್ಮಟದಂತೆ ಉಬ್ಬುತ್ತವೆ, ನಡುವಿನ ಕಿರಿದಾದ ತೂತಿನಿಂದಷ್ಟೇ ರಕ್ತ ಹೊರಬೀಳುತ್ತದೆ. ಗೇಟ್ ವಾಲ್ವ್ ಮುಕ್ಕಾಲು ಮುಚ್ಚಿಟ್ಟು ಪಂಪ್‌ಸೆಟ್ ಓಡಿಸಿದ ಹಾಗೆ: ನೀರು ಬರುತ್ತದೆ, ಆದರೆ ಮೋಟರ್ ಏದುತ್ತದೆ. ಇಲ್ಲಿ ಏದುವುದು ಬಲಗಡೆಯ ಕೋಣೆ. ಒತ್ತಡದ ವಿರುದ್ಧ ದುಡಿದು ದುಡಿದು ಅದರ ಗೋಡೆ ದಪ್ಪವಾಗುತ್ತದೆ. ಸಾಮಾನ್ಯವಾಗಿ ಈ ಕೋಣೆಯ ಒತ್ತಡ 25ರ ಆಸುಪಾಸು, ತೋಳಿನಲ್ಲಿ ಅಳೆಯುವ ಬಿಪಿಯ ಮೇಲಿನ ಅಂಕಿ 120 ಇರುತ್ತದಲ್ಲ, ಅದರ ಕಾಲುಭಾಗಕ್ಕಿಂತ ಕಡಿಮೆ. ಕವಾಟ ತುಂಬ ಕಿರಿದಾದಾಗ ಇದು ಆ 120ನ್ನೂ ಮೀರಿ ಹೋಗಬಹುದು.

ಕೊಬ್ಬಿಲ್ಲ ಎಂದ ಮೇಲೆ ಕರಗಿಸುವುದು ಏನನ್ನು? ಕೂಡಿಕೊಂಡ ಎಸಳನ್ನು ಬೆಳ್ಳುಳ್ಳಿ ಬಿಡಿಸಲಾರದು. ಹಾಗೆ ನೋಡಿದರೆ ಆಸ್ಪತ್ರೆಯ ಮಾತ್ರೆಯೂ ಬಿಡಿಸಲಾರದು. ಇನ್ನೊಂದು ಮಾತು: ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಎಂಬ ನರಗಳನ್ನು ಕುಗ್ಗಿಸುವ ಕಾಯಿಲೆ ಬರುವ ಅಪಾಯವಿದೆ.

‘ಹೃದಯದಲ್ಲಿ ತೂತು’ ಎಂದು ನಾವು ಕರೆಯುವುದೂ ಇದಲ್ಲ. ಅಲ್ಲಿ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಇರಬಾರದ ದಾರಿ ಇರುತ್ತದೆ, ಇಲ್ಲಿ ಇರಬೇಕಾದ ದಾರಿ ಕಿರಿದಾಗಿರುತ್ತದೆ. ಆದ್ದರಿಂದ "ನಮ್ಮ ಪಕ್ಕದ ಮನೆ ಮಗುವಿಗೆ ತೂತು ತಾನಾಗಿಯೇ ಮುಚ್ಚಿಕೊಂಡಿತು" ಎಂಬ ಸಮಾಧಾನ, ಅದು ನಿಜವೇ ಆಗಿದ್ದರೂ, ಇಲ್ಲಿಗೆ ಹೊಂದುವುದಿಲ್ಲ.

ಸದ್ದು ಕೇಳಿದ್ದಕ್ಕೇ ಹೆದರಬೇಡಿ

ಹೃದಯದಲ್ಲಿ ಸದ್ದು ಕೇಳಿಸಿದ ಮಕ್ಕಳೆಲ್ಲ ಹೃದ್ರೋಗಿಗಳಲ್ಲ. ಪೂರ್ತಿ ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಜ್ವರ ಬಂದಾಗ, ರಕ್ತ ಹರಿಯುವ ಮೆಲುಸದ್ದು ಕೇಳುತ್ತದೆ. ಅದರಿಂದ ಯಾವ ತೊಂದರೆಯೂ ಇಲ್ಲ. ಪಲ್ಮನರಿ ಕವಾಟ ಕಿರಿದಾದಾಗ ಬರುವ ಸದ್ದು ಒರಟು, ಎದೆಮೂಳೆಯ ಎಡಕ್ಕೆ ಮೇಲ್ಭಾಗದಲ್ಲಿ ಹೆಚ್ಚು ಸ್ಪಷ್ಟ, ಅದಕ್ಕೂ ಮೊದಲು ‘ಟಿಕ್’ ಎಂಬ ಸಣ್ಣ ಸಪ್ಪಳ. ಪಳಗಿದ ವೈದ್ಯರ ಕಿವಿಗೆ ಇದು ಗೊತ್ತಾಗುತ್ತದೆ. ಇಸಿಜಿಯಲ್ಲಿ ಬಲಕೋಣೆ ದಪ್ಪವಾದ ಗುರುತು, ಎಕ್ಸ್‌ರೇಯಲ್ಲಿ ಕವಾಟದಾಚೆಯ ನಾಳ ಹಿಗ್ಗಿದ ನೆರಳು ಕಾಣಬಹುದು. ಆದರೆ ತೀರ್ಮಾನ ಮಾಡುವುದು ಎಕೋ.

ಎಕೋ ಎಂದರೆ ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಂಥದ್ದೇ, ಹೃದಯಕ್ಕೆ ಮಾಡುವುದು. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಎಸಳುಗಳು ಹೇಗೆ ತೆರೆಯುತ್ತಿವೆ ಎಂದು ತೆರೆಯ ಮೇಲೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದರಲ್ಲೇ ಇರುವ ಡಾಪ್ಲರ್ ಎಂಬ ಭಾಗ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ. ದಾರಿ ಕಿರಿದಾದಷ್ಟೂ ವೇಗ ಹೆಚ್ಚು. ಡಾಪ್ಲರ್ ಅಳೆಯುವುದು ಈ ವೇಗವನ್ನೇ.

ವೇಗದಿಂದ ಒತ್ತಡ ತಿಳಿಯುವ ಲೆಕ್ಕ ನೀವೇ ಮಾಡಬಹುದು: ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿ. ಡೇನಿಯಲ್ ಬರ್ನೌಲಿ 1738ರಲ್ಲಿ ನೀರಿನ ಹರಿವಿನ ಬಗ್ಗೆ ಬರೆದ ಪುಸ್ತಕದ ತತ್ತ್ವವೇ ಇದರ ಬುಡ. ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ 3 × 3 × 4, ಅಂದರೆ 36. ವೇಗ 4 ಮೀಟರ್ ಆದರೆ 64. ಕವಾಟದ ಆಚೆಗೂ ಈಚೆಗೂ ಇರುವ ಒತ್ತಡದ ವ್ಯತ್ಯಾಸ ಇದು, ಬಿಪಿ ಅಳೆಯುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ. ವರದಿಯಲ್ಲಿ ‘ಪೀಕ್ ಗ್ರೇಡಿಯಂಟ್’ ಎಂದು ಬರೆದಿರುತ್ತಾರೆ. 36ಕ್ಕಿಂತ ಕಡಿಮೆ ಇದ್ದರೆ ಮೈಲ್ಡ್, 36ರಿಂದ 64ರವರೆಗೆ ಮಾಡರೇಟ್, 64ಕ್ಕಿಂತ ಮೇಲೆ ಸಿವಿಯರ್.

ಒಂದು ಎಚ್ಚರಿಕೆ ಇದೆ. ಮಗು ಚೀರಾಡುವಾಗ ತೆಗೆದ ಅಂಕಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಹುಟ್ಟಿ ಎರಡು ಮೂರು ದಿನದ ಕೂಸಿನಲ್ಲಿ ಶ್ವಾಸಕೋಶದ ಕಡೆಯ ಒತ್ತಡವೇ ಇನ್ನೂ ಹೆಚ್ಚಿರುವುದರಿಂದ ಅಂಕಿ ಕಡಿಮೆ ತೋರಿಸಬಹುದು. ಬಲಕೋಣೆ ಸೋತು ನಿತ್ರಾಣವಾಗಿದ್ದರೂ ಅಷ್ಟೇ, ತಳ್ಳುವ ಶಕ್ತಿಯೇ ಇಲ್ಲದ ಮೇಲೆ ವೇಗ ಎಲ್ಲಿಂದ ಬರಬೇಕು? ಆದ್ದರಿಂದ ಅಂಕಿ ತಿಳಿದುಕೊಳ್ಳಿ, ಅದರ ಅರ್ಥವನ್ನು ಮಕ್ಕಳ ಹೃದ್ರೋಗ ತಜ್ಞರ ಬಾಯಿಂದಲೇ ಕೇಳಿ.

"ಮಗು ಚೆನ್ನಾಗಿ ಓಡಾಡ್ತಿದೆಯಲ್ಲ!"

ಈ ಮಾತು ಎಲ್ಲ ಮನೆಗಳಲ್ಲೂ ಬರುತ್ತದೆ. ಅರ್ಧ ಸತ್ಯ ಅದರಲ್ಲಿದೆ. ಮೈಲ್ಡ್ ಇರುವ ಮಗು ಚೆನ್ನಾಗಿಯೇ ಓಡಾಡುತ್ತದೆ, ಮುಂದೆಯೂ ಓಡಾಡುತ್ತದೆ. ಅಮೆರಿಕದಲ್ಲಿ ಇಂಥ ಮಕ್ಕಳನ್ನು ಇಪ್ಪತ್ತೈದು ವರ್ಷಗಳ ತನಕ ಗಮನಿಸಿದ ಅಧ್ಯಯನವೊಂದರಲ್ಲಿ, ಆರಂಭದಲ್ಲಿ ಗ್ರೇಡಿಯಂಟ್ 25ಕ್ಕಿಂತ ಕಡಿಮೆ ಇದ್ದವರಲ್ಲಿ ಬಹುಪಾಲು ಜನಕ್ಕೆ ಹೃದಯದ ಯಾವ ಆಪರೇಷನ್ನೂ ಬೇಕಾಗಲಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಇದು ಬೇಗ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಕೂಸುಗಳಿಗೆ ಎಕೋ ಬೇಗ ಬೇಗ ಮಾಡುತ್ತಾರೆ. ಆ ಹಂತ ದಾಟಿದ ಮೈಲ್ಡ್ ಮಕ್ಕಳಿಗೆ ಮಾತ್ರೆ ಬೇಡ, ಪಥ್ಯ ಬೇಡ, ಆಟಕ್ಕೆ ತಡೆ ಬೇಡ. ಕಬಡ್ಡಿ ಆಡಲಿ, ಈಜಲಿ. ವೈದ್ಯರು ಹೇಳಿದ ಅವಧಿಗೊಮ್ಮೆ ತೋರಿಸಿದರೆ ಆಯಿತು. ಆದರೆ ನಡೆಯುವುದು ಬೇರೆ. "ಹಾರ್ಟ್ ಪ್ರಾಬ್ಲಮ್ ಇರೋ ಮಗು" ಎಂದು ಪಿಟಿ ಪೀರಿಯಡ್‌ನಲ್ಲಿ ಬೆಂಚಿನ ಮೇಲೆ ಕೂರಿಸುತ್ತಾರೆ. ಹೆಣ್ಣುಮಗುವಾದರಂತೂ ಮುಂದೆ ಮದುವೆಗೆ ತೊಡಕಾದೀತೆಂದು ವರದಿಯನ್ನೇ ಬೀರುವಿನಲ್ಲಿ ಬಚ್ಚಿಡುತ್ತಾರೆ. ಮೈಲ್ಡ್ ಸ್ಟೆನೋಸಿಸ್ ಇರುವ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬಸಿರು, ಬಾಣಂತನ ಎರಡನ್ನೂ ಸುಸೂತ್ರವಾಗಿ ದಾಟುತ್ತಾರೆ. ಬಚ್ಚಿಟ್ಟ ವರದಿಯಿಂದ ತೊಂದರೆಯಾಗುವುದು ಹೆರಿಗೆ ಮಾಡಿಸುವ ವೈದ್ಯರಿಗೆ ವಿಷಯವೇ ಗೊತ್ತಿಲ್ಲದಿದ್ದಾಗ.

ಇನ್ನರ್ಧ ಸತ್ಯ ಅಪಾಯದ್ದು. ಸಿವಿಯರ್ ಇರುವ ಮಗುವೂ ವರ್ಷಗಟ್ಟಲೆ ಚೆನ್ನಾಗಿ ಓಡಾಡಬಹುದು. ಬಲಕೋಣೆ ಸದ್ದಿಲ್ಲದೆ ದುಡಿಯುತ್ತದೆ, ದೂರು ಹೇಳುವುದಿಲ್ಲ. ಓಡುವಾಗ ಬೇಗ ಏದುಸಿರು, ಎದೆನೋವು, ತಲೆ ಸುತ್ತು, ಆಟದ ಮಧ್ಯೆ ಎಚ್ಚರ ತಪ್ಪುವುದು, ಇವೆಲ್ಲ ಕಾಣಿಸಿಕೊಳ್ಳುವಷ್ಟರಲ್ಲಿ ಆ ಕೋಣೆಯ ಸ್ನಾಯು ಬಹಳ ದಣಿದಿರುತ್ತದೆ. ಅದಕ್ಕೇ ಗ್ರೇಡಿಯಂಟ್ 64 ದಾಟಿದರೆ ಮಗುವಿಗೆ ಯಾವ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಮಾಡಿಸಿ ಎನ್ನುತ್ತಾರೆ. "ಲಕ್ಷಣ ಬಂದ ಮೇಲೆ ನೋಡೋಣ, ಅಲ್ಲಿಯವರೆಗೆ ಕಷಾಯ ಕೊಡೋಣ" ಎನ್ನುವ ನಿರ್ಧಾರದ ನಷ್ಟ ಇಲ್ಲಿರುವುದು. ಕಷಾಯ ಕವಾಟವನ್ನು ಕೆಡಿಸುವುದಿಲ್ಲ. ಅದು ತಿನ್ನುವುದು ಸಮಯವನ್ನು. ಮಾಡರೇಟ್ ಆದರೆ ಲಕ್ಷಣ ಇದೆಯೇ, ಬಲಕೋಣೆ ಎಷ್ಟು ದಪ್ಪವಾಗಿದೆ ಎಂಬುದನ್ನು ನೋಡಿ ತೀರ್ಮಾನಿಸುತ್ತಾರೆ.

ಕೂಸು ನೀಲಿಗಟ್ಟಿದರೆ ಗಂಟೆಗಳ ಲೆಕ್ಕ

ವರ್ಷಗಳ ಬದಲು ಗಂಟೆ ಎಣಿಸಬೇಕಾದ ಸ್ಥಿತಿಯೂ ಒಂದಿದೆ. ಕೆಲವು ಕೂಸುಗಳಲ್ಲಿ ಕವಾಟದ ತೂತು ಸೂಜಿಮೊನೆಯಷ್ಟೇ ಇರುತ್ತದೆ. ಹೊಟ್ಟೆಯೊಳಗಿದ್ದಾಗ ಎಲ್ಲ ಮಕ್ಕಳಿಗೂ ಇರುವ ಒಂದು ಅಡ್ಡದಾರಿ, ಶ್ವಾಸಕೋಶದ ನಾಳಕ್ಕೂ ದೇಹದ ಮಹಾನಾಳಕ್ಕೂ ನಡುವಿನ ಕೊಳವೆ, ಹುಟ್ಟಿದ ಮೇಲೂ ಸ್ವಲ್ಪ ಕಾಲ ತೆರೆದಿರುತ್ತದೆ. ಈ ಕೂಸುಗಳ ಶ್ವಾಸಕೋಶಕ್ಕೆ ರಕ್ತ ತಲುಪುವುದು ಮುಖ್ಯವಾಗಿ ಅದರಿಂದಲೇ. ಮೊದಲ ಕೆಲವು ದಿನಗಳಲ್ಲಿ ಆ ಕೊಳವೆ ಮುಚ್ಚಿಕೊಳ್ಳುತ್ತಿದ್ದಂತೆ, ಹುಟ್ಟಿದ ದಿನ ಗುಂಡುಗುಂಡಾಗಿದ್ದ ಕೂಸು ಹಾಲು ಬಿಟ್ಟು ನೀಲಿಗಟ್ಟುತ್ತದೆ. "ದೃಷ್ಟಿ ಆಯಿತು", "ಬಾಲಗ್ರಹ" ಎಂದು ತಾಯತ ಕಟ್ಟಿಸಲು ಓಡುವುದು ಈ ಹೊತ್ತಿನಲ್ಲೇ.

ಕೈಕಾಲು ಮಾತ್ರ ನೀಲಿಯಾದರೆ ಚಳಿಯಿಂದ ಇರಬಹುದು. ನಾಲಿಗೆ, ವಸಡು, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಮೈಬಣ್ಣದಲ್ಲಿ ಚರ್ಮ ನೋಡಿ ನೀಲಿ ಗುರುತಿಸುವುದು ಕಷ್ಟ, ಬಾಯೊಳಗೆ ನೋಡಿ. ಆಸ್ಪತ್ರೆಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಔಷಧವನ್ನು ಡ್ರಿಪ್‌ನಲ್ಲಿ ಕೊಟ್ಟು ಆ ಅಡ್ಡದಾರಿ ಮುಚ್ಚದಂತೆ ತಡೆಯುತ್ತಾರೆ, ಅಷ್ಟರಲ್ಲಿ ಕವಾಟ ತೆರೆಯುವ ವ್ಯವಸ್ಥೆ ಆಗುತ್ತದೆ. ಇಂಥ ಕೂಸುಗಳನ್ನು ನೀಲಿಯಾಗುವ ಮೊದಲೇ ಹಿಡಿಯಲು ಸುಲಭದ ಪರೀಕ್ಷೆಯೊಂದಿದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಲ್ಸ್ ಆಕ್ಸಿಮೀಟರ್‌ನ ಕೂಸಿನ ಮಾದರಿಯನ್ನು, ಹುಟ್ಟಿ 24 ಗಂಟೆಯಾದ ಮೇಲೆ ಬಲಗೈಗೆ ಮತ್ತು ಒಂದು ಪಾದಕ್ಕೆ ಹಾಕಿ ನೋಡುವುದು. 95 ಅಥವಾ ಮೇಲಿರಬೇಕು, ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರ ಇರಬಾರದು. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲು "ಈ ಪರೀಕ್ಷೆ ಆಗಿದೆಯಾ ಡಾಕ್ಟ್ರೇ?" ಎಂದು ಕೇಳಿ. ಮನೆಯಲ್ಲಿರುವ ದೊಡ್ಡವರ ಆಕ್ಸಿಮೀಟರ್ ಕೂಸಿನ ಬೆರಳಿಗೆ ಹಾಕಿದರೆ ಬರುವ ಅಂಕಿಯನ್ನು ನಂಬಬೇಡಿ.

ಬಲೂನ್ ಒಳಗೇ ಉಳಿಯುತ್ತದೆಯೇ?

ಇಲ್ಲ. ಚಿಕಿತ್ಸೆಯ ಬಗ್ಗೆ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ದೊಡ್ಡವರಿಗೆ ಹಾಕುವ ಸ್ಟೆಂಟ್ ಒಳಗೇ ಉಳಿಯುವುದನ್ನು ಕೇಳಿದ್ದರಿಂದ ಬಂದ ಗೊಂದಲ.

ತೊಡೆಸಂದಿಯ ರಕ್ತನಾಳದಿಂದ ತೆಳುವಾದ ತಂತಿಯೊಂದನ್ನು ಹೃದಯದ ಬಲಭಾಗದ ಮೂಲಕ ಕವಾಟ ದಾಟಿಸುತ್ತಾರೆ. ಅದರ ಮೇಲೆ ಮಡಿಚಿದ ಬಲೂನು ಇರುವ ಕೊಳವೆಯನ್ನು ಸಾಗಿಸಿ, ಕವಾಟದ ನಡುವೆ ನಿಲ್ಲಿಸಿ, ಕೆಲವೇ ಸೆಕೆಂಡು ಉಬ್ಬಿಸುತ್ತಾರೆ. ಎಕ್ಸ್‌ರೇ ತೆರೆಯಲ್ಲಿ ಆ ಕ್ಷಣ ನೋಡುವಂತಿರುತ್ತದೆ: ಮೊದಲು ಬಲೂನಿನ ನಡು ಡಮರುಗದಂತೆ ಸಣ್ಣಗಿರುತ್ತದೆ, ಕೂಡಿಕೊಂಡ ಎಸಳುಗಳು ಬಿಟ್ಟುಕೊಟ್ಟೊಡನೆ ಆ ಸಣ್ಣ ನಡು ಮಾಯವಾಗುತ್ತದೆ. ಬಲೂನು ಕುಗ್ಗಿಸಿ ಹೊರಗೆ ತೆಗೆಯುತ್ತಾರೆ. ಎದೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಮಕ್ಕಳಿಗೆ ಮತ್ತು ಬರಿಸಿಯೇ ಮಾಡುತ್ತಾರೆ. ಎಲ್ಲ ಸರಿಯಿದ್ದರೆ ಒಂದೆರಡು ದಿನದಲ್ಲಿ ಮನೆಗೆ.

ಇಷ್ಟು ಸಲೀಸಾದದ್ದು ಈಚೆಗೆ. 1948ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ರಸೆಲ್ ಬ್ರಾಕ್ ಬಡಿಯುತ್ತಿರುವ ಹೃದಯದ ಬಲಕೋಣೆಯ ಗೋಡೆಯ ಮೂಲಕ ಉಪಕರಣ ತೂರಿಸಿ, ಕಣ್ಣಿಗೆ ಕಾಣದ ಕವಾಟವನ್ನು ಬಿಡಿಸಿದ್ದರು. ಹಾರ್ಟ್-ಲಂಗ್ ಯಂತ್ರ ಬಳಕೆಗೆ ಬಂದಿರದ ಕಾಲ ಅದು. ಆಮೇಲೆ ಎದೆ ತೆರೆದು ಕವಾಟವನ್ನು ನೋಡಿಯೇ ಸರಿಪಡಿಸುವ ಪದ್ಧತಿ ಬಂತು. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಹೃದ್ರೋಗ ತಜ್ಞೆ ಜೀನ್ ಕಾನ್ ಮತ್ತು ಸಂಗಡಿಗರು ಈ ಬಲೂನ್ ವಿಧಾನವನ್ನು ಪ್ರಕಟಿಸಿದರು. ಈಗ ಜಗತ್ತಿನೆಲ್ಲೆಡೆ ಕವಾಟ ಕಿರಿದಾದ ಮಕ್ಕಳಿಗೆ ಮೊದಲ ಆಯ್ಕೆ ಇದೇ.

ಎಲ್ಲರಿಗೂ ಬಲೂನು ಒಪ್ಪುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕೆಲವರಲ್ಲಿ ಎಸಳುಗಳು ಕೂಡಿಕೊಂಡಿರುವುದಿಲ್ಲ, ದಪ್ಪಗೆ ಗಂಟುಗಂಟಾಗಿರುತ್ತವೆ. ನೂನನ್ ಸಿಂಡ್ರೋಮ್ ಎಂಬ ಅನುವಂಶಿಕ ಸ್ಥಿತಿಯ ಮಕ್ಕಳಲ್ಲಿ ಇದು ಹೆಚ್ಚು. ಅಲ್ಲಿ ಬಲೂನಿನ ಫಲ ಕಡಿಮೆ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಿರಿದಾದ ಜಾಗ ಕವಾಟಕ್ಕಿಂತ ಕೆಳಗೆ ಅಥವಾ ಮೇಲೆ ಇದ್ದರೂ ಚಿಕಿತ್ಸೆ ಬೇರೆ. ಒಂದೇ ಹೆಸರಿನ ಕಾಯಿಲೆಗೆ ಪಕ್ಕದ ಬೆಡ್‌ನ ಮಗುವಿಗೆ ಬಲೂನು, ನಿಮ್ಮ ಮಗುವಿಗೆ ಆಪರೇಷನ್ ಎಂದರೆ ಅನುಮಾನಪಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಗ್ರಹಣ ನೋಡಿದ್ದಕ್ಕಾ?

ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೆ, ಪರಂಗಿಹಣ್ಣು ತಿಂದದ್ದಕ್ಕೆ, ಭಾರ ಎತ್ತಿದ್ದಕ್ಕೆ ಹೀಗಾಯಿತು ಎಂದು ತಾಯಿಯ ಮೇಲೆ ಹೊರಿಸುವವರಿಗೆ ಕೊರತೆಯಿಲ್ಲ. ಇವ್ಯಾವುದರಿಂದಲೂ ಕವಾಟದ ಎಸಳು ಕೂಡಿಕೊಳ್ಳುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ.

ಗೊತ್ತಿರುವ ಕಾರಣಗಳಲ್ಲಿ ಒಂದನ್ನು ಮಾತ್ರ ನಾವು ತಡೆಯಬಹುದು: ರುಬೆಲ್ಲಾ. ಮೈಮೇಲೆ ಸಣ್ಣ ಗುಳ್ಳೆ ಎದ್ದು ಹೋಗುವ ಈ ಸೋಂಕು ಮಕ್ಕಳಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಬಂದರೆ ಮಾತ್ರ ಕೂಸಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು. ಶ್ವಾಸಕೋಶದ ನಾಳಗಳು ಕಿರಿದಾಗುವುದು ಅದರ ಗುರುತುಗಳಲ್ಲೊಂದು. ಈ ನಂಟನ್ನು 1941ರಲ್ಲಿ ಮೊದಲು ಗುರುತಿಸಿದ್ದು ಹೃದಯದ ವೈದ್ಯರಲ್ಲ, ನಾರ್ಮನ್ ಗ್ರೆಗ್ ಎಂಬ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ. ಹುಟ್ಟುಪೊರೆಯ ಕೂಸುಗಳು ಒಮ್ಮೆಲೇ ಹೆಚ್ಚಾಗಿ ಬರತೊಡಗಿದಾಗ ಅವರು ತಾಯಂದಿರನ್ನು ವಿಚಾರಿಸಿದ್ದರು.

2017ರ ಫೆಬ್ರುವರಿಯಲ್ಲಿ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದದ್ದು ಕರ್ನಾಟಕವೂ ಸೇರಿದ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಆಗ ಈ ಲಸಿಕೆಯ ವಿರುದ್ಧವೂ ವಾಟ್ಸಾಪ್ ವದಂತಿಗಳು ಹರಿದಾಡಿದ್ದವು. ಕಷಾಯದ ಫಾರ್ವರ್ಡ್ ನಂಬಿಸುವುದು ಇಲ್ಲದ ಔಷಧವನ್ನು, ಆ ಫಾರ್ವರ್ಡ್ ಬಿಡಿಸಿದ್ದು ಇದ್ದ ರಕ್ಷಣೆಯನ್ನು. ಈಗ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಸರ್ಕಾರಿ ಪಟ್ಟಿಯಲ್ಲಿದೆ. ಬಸುರಿಯರಿಗೆ ಈ ಲಸಿಕೆ ಕೊಡುವುದಿಲ್ಲ, ಅದಕ್ಕೇ ಮೊದಲೇ ಹಾಕಿಸಬೇಕು.

ತಂದೆ, ತಾಯಿ ಅಥವಾ ಮೊದಲ ಮಗುವಿಗೆ ಹುಟ್ಟಿನಿಂದ ಹೃದಯದ ದೋಷ ಇದ್ದರೆ ಮುಂದಿನ ಬಸಿರಿನಲ್ಲಿ 18ರಿಂದ 22ನೇ ವಾರದೊಳಗೆ ಫೀಟಲ್ ಎಕೋ ಮಾಡಿಸಿಕೊಳ್ಳಿ.

ಖರ್ಚು, ಓಡಾಟ

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುವ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. 2013ರಿಂದ ಇರುವ ಈ ಯೋಜನೆಯಲ್ಲಿ ಹುಟ್ಟಿನಿಂದ ಬರುವ ಹೃದ್ರೋಗವೂ ಸೇರಿದೆ. ಆ ಚೀಟಿಯನ್ನು ಕಳೆಯಬೇಡಿ, ಮುಂದಿನ ಉಚಿತ ಚಿಕಿತ್ಸೆಯ ದಾರಿ ಅಲ್ಲಿಂದಲೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ವೆಚ್ಚದ ಒಂದು ಭಾಗ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಆಧಾರ್, ರೇಷನ್ ಕಾರ್ಡ್, ತಪಾಸಣೆಯ ಚೀಟಿ, ಹಳೆಯ ಎಕೋ ವರದಿ ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ವರದಿಯ ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಹಲ್ಲಿನ ಬಗ್ಗೆಯೂ ಗಮನವಿರಲಿ. ಹುಳುಕು ಹಲ್ಲಿನಿಂದ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ ಅಪರೂಪಕ್ಕೆ ಕವಾಟದ ಮೇಲೆ ಕೂರಬಹುದು.

ಬಲೂನ್ ಮಾಡಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಆ ಫೈಲನ್ನು ಯಾರೂ ತೆರೆಯುವುದಿಲ್ಲ. ಬಿಡಿಸಿದ ಎಸಳುಗಳು ಕೆಲವೊಮ್ಮೆ ಪೂರ್ತಿ ಮುಚ್ಚಿಕೊಳ್ಳದೆ ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಹೆಚ್ಚಿನವರಿಗೆ ಅದು ಏನೂ ಮಾಡುವುದಿಲ್ಲ. ಕೆಲವರಲ್ಲಿ ಮಾತ್ರ ಹತ್ತಿಪ್ಪತ್ತು ವರ್ಷಗಳಲ್ಲಿ ಬಲಕೋಣೆ ಹಿಗ್ಗುತ್ತಾ ಹೋಗುತ್ತದೆ. ಚಿಕ್ಕಂದಿನಲ್ಲಿ ಬಲೂನ್ ಮಾಡಿಸಿಕೊಂಡು ಈಗ ಕೆಲಸಕ್ಕೆ ಹೋಗುತ್ತಿರುವವರು, ಮದುವೆಯಾದವರು, ಬಸಿರಿನ ಯೋಚನೆಯಲ್ಲಿರುವವರು ಅಮ್ಮನ ಬೀರುವಿನಿಂದ ಆ ಹಳೆಯ ಫೈಲ್ ತೆಗೆಸಿ, ಹೃದ್ರೋಗ ತಜ್ಞರ ಹತ್ತಿರ ಒಂದು ಎಕೋ ಮಾಡಿಸಿಕೊಳ್ಳಿ.